ದೂರ ನಿಂತರೂ ದೂರ ಮಾಡಬ್ಯಾಡ್ರಿ



ಈ ಸಲದ ಪಾಠಕ್ಕೆ ಲೆಕ್ಕದ ಪುಸ್ತಕ ಬೇಕಾಗಿಲ್ಲ. ಉಳಿತಾಯ, ಸಾಲ, ಬಡ್ಡಿಯ ಕೆಲಸ ಮುಗಿದ ಮೇಲೆ ಅರ್ಧ ತಾಸು ಕೂಡ್ರಿ. ಓದಲು ಬರುವವರು ಒಬ್ಬರು ನಿಧಾನವಾಗಿ ಓದಲಿ, ಉಳಿದವರು ಕೇಳಲಿ, ಆಮೇಲೆ ಎಲ್ಲರೂ ಮಾತಾಡಿರಿ. ವಿಷಯ ಇಷ್ಟೇ: ಊರಿಗೆ ದೊಡ್ಡ ಜಡ್ಡು ಬಂದಾಗ ದೇವರನ್ನು ನಂಬುವ ನಾವು ಒಬ್ಬರಿಗೊಬ್ಬರು ಹೇಗೆ ನಡೆದುಕೊಂಡೆವು? ಮುಂದೆ ಹೇಗೆ ನಡೆದುಕೊಳ್ಳಬೇಕು?

"ಕೊರೊನಾ ಹೋಗಿ ವರ್ಷಾದವು, ಈಗ ಯಾಕ್ರೀ ಸಿಸ್ಟರ್ ಆ ಮಾತು?" ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಆ ತುರ್ತು ಪರಿಸ್ಥಿತಿ ಮುಗಿಯಿತೆಂದು ಹೇಳಿದ್ದು ನಿಜ. ಆದರೆ ಆ ದಿನಗಳಲ್ಲಿ ಆಡಿದ ಕೆಲವು ಮಾತುಗಳು ಇನ್ನೂ ಕೆಲವರ ಎದೆಯಲ್ಲಿ ಮುಳ್ಳಿನಂತೆ ಉಳಿದಿವೆ. ಒಂದೇ ಜಮಖಾನದ ಮೇಲೆ ಕೂಡುತ್ತಾರೆ, ಆದರೆ ಮಾತಿಲ್ಲ. ಆ ಮುಳ್ಳು ತೆಗೆಯದೆ ಸಂಘ ಗಟ್ಟಿಯಾಗದು.

1. ನೆನಪು ಮಾಡಿಕೊಳ್ಳೋಣ

ದೇಶದಲ್ಲಿ ಕೊರೊನಾದಿಂದ ಮೊದಲ ಸಾವು ಆದದ್ದು ನಮ್ಮ ಪಕ್ಕದ ಕಲಬುರಗಿಯಲ್ಲೇ. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಹದಿನೈದು ದಿನಕ್ಕೆ, ಮಾರ್ಚ್ 25ಕ್ಕೆ, ಇಡೀ ದೇಶ ಬಂದ್ ಆಯಿತು. ಅಂದೇ ಯುಗಾದಿ. ಬೇವು-ಬೆಲ್ಲ ಹಂಚುವ ದಿನವೇ ನಾವು ಬಾಗಿಲು ಹಾಕಿಕೊಂಡು ಕುಳಿತೆವು. ಏಪ್ರಿಲ್ 12ರ ಈಸ್ಟರ್ ಹಬ್ಬಕ್ಕೆ ಚರ್ಚಿನಲ್ಲಿ ಜನರಿರಲಿಲ್ಲ. ರಂಜಾನ್ ತಿಂಗಳ ನಮಾಜು ಮನೆಯಲ್ಲೇ ಆಯಿತು. ಗುಡಿಗಳಲ್ಲಿ ಪೂಜಾರಿ ಒಬ್ಬರೇ ದೀಪ ಹಚ್ಚಿದರು. ಜೂನ್ 8ರವರೆಗೆ ನಮ್ಮ ರಾಜ್ಯದ ಗುಡಿ, ಮಸೀದಿ, ಚರ್ಚುಗಳ ಬಾಗಿಲು ಭಕ್ತರಿಗೆ ತೆರೆಯಲಿಲ್ಲ.

ಮೇ ತಿಂಗಳಲ್ಲಿ ಗುಳೆ ಹೋದವರು ತಿರುಗಿ ಬಂದರು. ಪುಣೆ, ಮುಂಬೈ ಕಡೆ ದುಡಿಯುತ್ತಿದ್ದ ನಮ್ಮ ಯಾದಗಿರಿ ಜಿಲ್ಲೆಯ ಸಾವಿರಾರು ಜನ ಗಂಟು-ಮೂಟೆ, ಮಕ್ಕಳು-ಮರಿ ಕಟ್ಟಿಕೊಂಡು ಬಂದರು. ಅವರನ್ನು ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಇಟ್ಟರು. ಅವರಲ್ಲಿ ಅನೇಕರಿಗೆ ಸೋಂಕು ಇದ್ದದ್ದೂ ನಿಜ. ಊರಿಗೆ ಅಂಜಿಕೆ ಹೊಕ್ಕಿತು. ಅಂಜಿಕೆ ತಪ್ಪಲ್ಲ. ಅಂಜಿಕೆಯಲ್ಲಿ ನಾವು ಏನು ಮಾಡಿದೆವು ಎಂಬುದೇ ಪ್ರಶ್ನೆ.

2. ಒಂದು ಸಂಘದಲ್ಲಿ ನಡೆದದ್ದು

ತಿಂಥಣಿ ಕಡೆಯ ಒಂದು ಸಂಘ. ಊರಿನ ಹೆಸರಾಗಲಿ, ಯಾರ ಹೆಸರಾಗಲಿ ಹೇಳುವುದಿಲ್ಲ. ಕಟ್ಟಡ ಕೆಲಸಕ್ಕೆ ಹೋಗಿದ್ದ ಒಬ್ಬ ಸದಸ್ಯೆ ಗಂಡ, ಎರಡು ಮಕ್ಕಳ ಜೊತೆ ತಿರುಗಿ ಬಂದರು. ಶಾಲೆಯಲ್ಲಿ ಕ್ವಾರಂಟೈನ್ ಮುಗಿಸಿದರು. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದ ಮೇಲೆಯೇ ಮನೆಗೆ ಬಿಟ್ಟರು. ಅವರು ಕೇರಿಯ ಹೆಣ್ಣುಮಗಳು.

ಜೂನ್ ತಿಂಗಳಲ್ಲಿ ಬೇವಿನ ಗಿಡದ ಕೆಳಗೆ ಸಭೆ ಸೇರಿತು. ಅವರು ಮೂರು ತಿಂಗಳ ಉಳಿತಾಯದ ರೊಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಹತ್ತಿರ ಬರುವುದರೊಳಗೆ ಒಬ್ಬರು ಕೂಗಿದರು, "ಅಲ್ಲೇ ನಿಂದ್ರು. ರೊಕ್ಕ ಆ ಕಲ್ಲಿನ ಮ್ಯಾಲ ಇಡು." ಆಕೆ ಇಟ್ಟರು. ಇನ್ನೊಬ್ಬರು ಅದರ ಮೇಲೆ ಸ್ಯಾನಿಟೈಸರ್ ಸುರಿದು ಎತ್ತಿಕೊಂಡರು. ಆಕೆ ಸ್ವಲ್ಪ ಹೊತ್ತು ನಿಂತರು, ಯಾರೂ ಕೂಡು ಅನ್ನಲಿಲ್ಲ, ಹೋದರು.

ನಾನೂ ಅಲ್ಲಿದ್ದೆ. ಆರೋಗ್ಯದ ನಿಯಮ ಪಾಲಿಸುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದೆ.

ನಾಲ್ಕು ವಾರವಾದರೂ ಆಕೆ ಸಭೆಗೆ ಬರಲಿಲ್ಲ. ಮನೆಗೆ ಹೋದೆ. ಬಾಗಿಲ ಹೊರಗೆ ಮಾಸ್ಕ್ ಹಾಕಿಕೊಂಡು ಕುಳಿತು ಮಾತಾಡಿದೆವು. ಆಕೆ ಹೇಳಿದ್ದು ಇಂದಿಗೂ ನನಗೆ ನೆನಪಿದೆ:

"ಜಡ್ಡಿಗೆ ಅಂಜಿ ದೂರ ನಿಲ್ಲಿಸಿದ್ರ ನಾ ತಿಳ್ಕೋತಿದ್ದೆ ಸಿಸ್ಟರ್. ಆದ್ರ ಅವ್ರೆಲ್ಲಾ ಮೊಣಕೈ ತಾಗೂಹಂಗ ಕುಂತಿದ್ರು, ಒಂದೇ ಪುಸ್ತಕ ಕೈಯಿಂದ ಕೈಗೆ ಹೋಗತಿತ್ತು. ನಾ ಒಬ್ಬಾಕಿನೇ ದೂರ. ನಮ್ಮವ್ವನ್ನೂ ಹಿಂಗೇ ನಿಲ್ಲಸ್ತಿದ್ರು. ಆಗ ಕೊರೊನಾ ಎಲ್ಲಿತ್ರೀ?"

ನನಗೆ ಉತ್ತರ ಹೊಳೆಯಲಿಲ್ಲ. ನಾನು ಕಂಡದ್ದು ಮಾಸ್ಕ್, ಸ್ಯಾನಿಟೈಸರ್. ಆಕೆ ಕಂಡದ್ದು ತಲೆಮಾರಿನಿಂದ ನಡೆದು ಬಂದ ಅಪಮಾನ. ಅಂದು ನಾನು "ಎಲ್ಲರೂ ದೂರ ದೂರ ಕೂಡ್ರಿ, ಈಕೆಗೂ ಒಂದು ಜಾಗ ಬಿಡ್ರಿ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅದಕ್ಕೆ ಆಕೆಯ ಕ್ಷಮೆ ಕೇಳಿದೆ.

3. ದೂರದಲ್ಲಿ ಎರಡು ಥರ

ಆ ರೋಗ ಉಸಿರಿನಿಂದ, ಕೆಮ್ಮಿನಿಂದ ಹರಡುವಂಥದು. ಆದ್ದರಿಂದ ದೂರ ನಿಲ್ಲುವುದು, ಮಾಸ್ಕ್ ಹಾಕುವುದು, ಗಾಳಿಯಾಡುವ ಜಾಗದಲ್ಲಿ ಕೂಡುವುದು ಬೇಕೇ ಇತ್ತು. ಅದೂ ಒಂದು ದಯೆಯೇ. ಮನೆಯಲ್ಲಿ ಮುದುಕರಿದ್ದಾರೆ, ಸಕ್ಕರೆ ಕಾಯಿಲೆಯವರಿದ್ದಾರೆ ಎಂದು ಅವರ ಸಲುವಾಗಿ ದೂರ ನಿಲ್ಲುವುದು ಪ್ರೀತಿಯ ಕೆಲಸ. ಮೊದಲು ಎಲ್ಲರೂ ಇದನ್ನು "ಸಾಮಾಜಿಕ ಅಂತರ" ಎಂದರು. 2020ರ ಮಾರ್ಚ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆಯವರು ಆ ಹೆಸರು ಸರಿಯಲ್ಲ, "ದೈಹಿಕ ಅಂತರ" ಎನ್ನೋಣ ಎಂದರು. ದೇಹ ದೂರ ಇರಲಿ, ಸಂಬಂಧ ಹತ್ತಿರವೇ ಇರಲಿ ಎಂದು. ಆದರೆ ನಮ್ಮ ಊರುಗಳಲ್ಲಿ ಹಳೆಯ ಹೆಸರೇ ನಿಂತಿತು. ಸಾಮಾಜಿಕ ಅಂತರ ನಮಗೆ ಹೊಸದೇನಲ್ಲವಲ್ಲ!

ಹಾಗಾದರೆ ರೋಗದ ದೂರ ಯಾವುದು, ಅಪಮಾನದ ದೂರ ಯಾವುದು ಎಂದು ಗುರುತಿಸುವುದು ಹೇಗೆ? ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿರಿ.

ಒಂದು: ನಿಯಮ ಎಲ್ಲರಿಗೂ ಒಂದೇ ಇದೆಯೇ? ಗೌಡರ ಮನೆಯವರಿಗೂ ಕೇರಿಯವರಿಗೂ, ಬೆಂಗಳೂರಿನಿಂದ ಕಾರಿನಲ್ಲಿ ಬಂದವರಿಗೂ ಪುಣೆಯಿಂದ ಲಾರಿಯಲ್ಲಿ ಬಂದವರಿಗೂ?

ಎರಡು: ಕಾರಣ ತಿಳಿಸಿ ಹೇಳಿದೆವೋ, ಗದರಿಸಿ ಹೇಳಿದೆವೋ?

ಮೂರು: ಅದಕ್ಕೆ ಕೊನೆಯ ದಿನ ಇದೆಯೇ? ಹದಿನಾಲ್ಕು ದಿನ ಎಂದರೆ ಹದಿನೈದನೆಯ ದಿನ ಆಕೆ ಜಮಖಾನದ ಮೇಲೆ ಕೂಡಬೇಕು.

ನಾಲ್ಕು: ದೂರ ಇಟ್ಟವರ ಮನೆಗೆ ರೊಟ್ಟಿ, ನೀರು, ಔಷಧಿ ಯಾರು ಮುಟ್ಟಿಸಿದರು? ದೂರ ಇಟ್ಟು ಊಟ ಕೊಡದಿದ್ದರೆ ಅದು ಆರೋಗ್ಯದ ನಿಯಮವಲ್ಲ, ಬಹಿಷ್ಕಾರ.

ನಾಲ್ಕಕ್ಕೂ "ಹೌದು" ಎಂದು ಹೇಳಲು ಆದರೆ ಅದು ರೋಗದ ದೂರ. ಒಂದಕ್ಕೆ "ಇಲ್ಲ" ಎಂದರೂ ಕೂತು ವಿಚಾರ ಮಾಡಬೇಕು.

4. ನಮ್ಮ ನಂಬಿಕೆ ಏನು ಕಲಿಸುತ್ತದೆ?

ಕೃಷ್ಣಾ ದಂಡೆಯ ತಿಂಥಣಿಯಲ್ಲಿ ಮೌನೇಶ್ವರರ ಸನ್ನಿಧಿ ಇದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಹಿಂದೂಗಳೂ ಬರುತ್ತಾರೆ, ಮುಸಲ್ಮಾನರೂ ಬರುತ್ತಾರೆ. ಒಬ್ಬರಿಗೆ ಅವರು ಮೌನಪ್ಪಯ್ಯ, ಇನ್ನೊಬ್ಬರಿಗೆ ಪೀರ. ಮೊಹರಂ ಬಂದರೆ ನಮ್ಮ ಭಾಗದ ಎಷ್ಟೋ ಊರುಗಳಲ್ಲಿ ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರೆ. ಇಂಥ ನೆಲದವರು ನಾವು. ಆದರೂ 2020ರ ಏಪ್ರಿಲ್‌ನಲ್ಲಿ ದಿಲ್ಲಿಯ ಒಂದು ಧಾರ್ಮಿಕ ಸಭೆಯ ಸುದ್ದಿ ಟಿವಿಯಲ್ಲಿ ಬಂದ ಮೇಲೆ, ಎಷ್ಟೋ ಕಡೆ ಕಾಯಿಪಲ್ಯೆ ಮಾರುವ ಮುಸಲ್ಮಾನರನ್ನು ಓಣಿಯೊಳಗೆ ಬಿಡಲಿಲ್ಲ. ನಿನ್ನೆಯವರೆಗೆ "ಕಾಕಾ, ಒಂದ್ ಕಟ್ಟು ಪುಂಡಿಪಲ್ಯೆ ಕೊಡ್ರಿ" ಎಂದ ಬಾಯಿ ಅಂದು "ನೀವು ಬರಬ್ಯಾಡ್ರಿ" ಎಂದಿತು. ವೈರಸ್ಸಿಗೆ ಧರ್ಮ ಇಲ್ಲ, ಜಾತಿ ಇಲ್ಲ. ಜನ ಎಲ್ಲಿ ಒತ್ತೊತ್ತಾಗಿ ಸೇರಿದರೋ ಅಲ್ಲಿ ಹರಡಿತು. ಮದುವೆಯಲ್ಲೂ ಹರಡಿತು, ಚುನಾವಣೆಯ ಸಭೆಯಲ್ಲೂ ಹರಡಿತು.

ಎಲ್ಲ ಧರ್ಮದಲ್ಲೂ ಈ ಬಗ್ಗೆ ಬುದ್ಧಿಮಾತು ಇದೆ. ಪ್ಲೇಗು ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಬಂದರೆ ಅಲ್ಲಿಂದ ಓಡಬೇಡಿ ಎಂದು ಪ್ರವಾದಿ ಮುಹಮ್ಮದರು ತಿಳಿಸಿದ್ದಾರೆ. ಯೇಸುಸ್ವಾಮಿ, ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರು. 1576ರಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಪ್ಲೇಗು ಬಂದಾಗ ಅಲ್ಲಿನ ಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ಊರು ಬಿಡಲಿಲ್ಲ. ಜನ ಗುಂಪುಗೂಡಬಾರದೆಂದು ಓಣಿಗಳಲ್ಲಿ ಪೂಜಾಪೀಠ ಹಾಕಿಸಿದರು. ಜನ ತಮ್ಮ ತಮ್ಮ ಕಿಟಕಿಯಿಂದಲೇ ಪೂಜೆಯಲ್ಲಿ ಪಾಲುಗೊಂಡರು. ನೋಡಿರಿ, ದೂರವೂ ಇತ್ತು, ಜೊತೆಯೂ ಇತ್ತು.

5. ಸಾವಿನ ಮನೆಯಲ್ಲಿ

2021ರ ಏಪ್ರಿಲ್-ಮೇ ತಿಂಗಳ ಎರಡನೆಯ ಅಲೆ ಮೊದಲನೆಯದಕ್ಕಿಂತ ಕಠಿಣವಾಗಿತ್ತು. ಎಷ್ಟೋ ಮನೆಗಳಲ್ಲಿ ಹೆಣ ಮನೆಗೆ ಬರಲಿಲ್ಲ, ಮುಖ ನೋಡಲು ಆಗಲಿಲ್ಲ. ಇಲ್ಲಿ ಒಂದು ಸಂಗತಿ ತಿಳಿದಿರಲಿ. ಕೇಂದ್ರ ಆರೋಗ್ಯ ಇಲಾಖೆ 2020ರ ಮಾರ್ಚ್‌ನಲ್ಲೇ ಹೊರಡಿಸಿದ ಸೂಚನೆಯಲ್ಲಿ, ಸಿಬ್ಬಂದಿ ಚೀಲದ ಜಿಪ್ ತೆಗೆದು ಮನೆಯವರಿಗೆ ಕೊನೆಯ ಸಲ ಮುಖ ತೋರಿಸಬಹುದು ಎಂದಿತ್ತು. ದೇಹ ಮುಟ್ಟದೆ ಧರ್ಮಗ್ರಂಥ ಓದಬಹುದು, ತೀರ್ಥ ಚಿಮುಕಿಸಬಹುದು ಎಂದಿತ್ತು. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು, ಮುತ್ತಿಡುವುದು ಬೇಡ ಎಂದಿತ್ತು. ಬೂದಿಯಿಂದ ಅಪಾಯವಿಲ್ಲ ಎಂದೂ ಹೇಳಿತ್ತು. ನಿಯಮ ಬಿಟ್ಟುಕೊಟ್ಟ ಇಷ್ಟನ್ನೂ ಅಂಜಿಕೆ ಕಿತ್ತುಕೊಂಡಿತು. ಮುಂದೆ ಇಂಥ ಕಾಲ ಬಂದರೆ ನಿಯಮ ಏನು ಹೇಳುತ್ತದೆ ಎಂದು ಮೊದಲು ಕೇಳಿ ತಿಳಿಯಿರಿ. ಬೇಡವೆಂದದ್ದನ್ನು ಮಾಡಬೇಡಿರಿ. ಆಗಬಹುದೆಂದದ್ದನ್ನು ಬಿಡಬೇಡಿರಿ.

ಸಾವಾದ ಮನೆಗೆ ಸಂಘದಿಂದ ಯಾರೂ ಹೋಗದಿದ್ದ ಊರುಗಳಿವೆ. ಹೋಗಲಾಗದಿದ್ದರೆ ಫೋನ್ ಮಾಡಬಹುದಿತ್ತು. ಬುತ್ತಿ ಕಟ್ಟಿ ಕಟ್ಟೆಯ ಮೇಲಿಟ್ಟು, "ಅಕ್ಕಾ, ರೊಟ್ಟಿ ಇಟ್ಟೀನಿ, ಇಲ್ಲೇ ನಿಂತೀನಿ, ತಗೊಂಡು ಹೋಗು" ಎಂದು ಕೂಗಬಹುದಿತ್ತು. ರೊಟ್ಟಿಗಿಂತ "ಇಲ್ಲೇ ನಿಂತೀನಿ" ಎಂಬ ಮಾತೇ ಆ ಮನೆಗೆ ಊಟ.

6. ರೊಕ್ಕದ ಮಾತಿನಲ್ಲಿ ಸೌಜನ್ಯ

2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಸಾಲದ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಆದರೆ ಬಡ್ಡಿ ಓಡುತ್ತಲೇ ಇತ್ತು. ಇದನ್ನು ಸರಿಯಾಗಿ ತಿಳಿಸದೆ, ಆಮೇಲೆ ಹೆಚ್ಚಿನ ಮೊತ್ತ ಕೇಳಿದಾಗ ಎಷ್ಟೋ ಸಂಘಗಳಲ್ಲಿ ಜಗಳವಾಯಿತು. ಸತ್ಯವನ್ನು ಮೊದಲೇ ತಿಳಿಸುವುದೂ ಸೌಜನ್ಯವೇ. ಕಂತು ಕಟ್ಟಲಾಗದವಳನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಬೇಡಿರಿ. ಪ್ರತಿನಿಧಿ ಒಬ್ಬರು ಮನೆಗೆ ಹೋಗಿ ಕೇಳಲಿ, ತಿಂಗಳಿಗೆ ಎಷ್ಟು ಆಗುತ್ತದೆ ಎಂದು ಆಕೆಯ ಬಾಯಿಂದಲೇ ಬರಲಿ, ಅದನ್ನು ಠರಾವು ಮಾಡಿ ನಡವಳಿ ಪುಸ್ತಕದಲ್ಲಿ ಬರೆಯಿರಿ. ಸಂಘದ ರೊಕ್ಕವೂ ಉಳಿಯುತ್ತದೆ, ಆಕೆಯ ಮಾನವೂ ಉಳಿಯುತ್ತದೆ.

7. ಇಂದಿನ ಮಾತು

ಕೊರೊನಾ ಅಂಜಿಕೆ ಹೋಯಿತು. ಆದರೆ ಕ್ಷಯರೋಗ ನಮ್ಮ ಊರುಗಳಲ್ಲಿ ಇಂದೂ ಇದೆ. ಕ್ಷಯ ಎಂದು ಗೊತ್ತಾದರೆ ತಟ್ಟೆ-ಲೋಟ ಬೇರೆ ಇಡುವವರಿದ್ದಾರೆ, ಸೊಸೆಯನ್ನು ತವರಿಗೆ ಅಟ್ಟುವವರಿದ್ದಾರೆ. ತಿಳಿಯಿರಿ: ಕ್ಷಯ ತಟ್ಟೆ-ಲೋಟದಿಂದ ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ. ಸರಿಯಾದ ಔಷಧಿ ಶುರುಮಾಡಿದ ಸುಮಾರು ಎರಡು ವಾರದಲ್ಲಿ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಆದರೆ ಔಷಧಿ ಆರು ತಿಂಗಳು, ಡಾಕ್ಟರು ಹೇಳಿದಷ್ಟು ದಿನ ಬಿಡದೆ ತೆಗೆದುಕೊಳ್ಳಬೇಕು. ಸರಕಾರಿ ದವಾಖಾನೆಯಲ್ಲಿ ಅದು ಉಚಿತ. ಪೌಷ್ಟಿಕ ಆಹಾರಕ್ಕೆಂದು ಕೊಡುವ ಸಹಾಯಧನವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಿದ್ದಾರೆ. ನಿಮ್ಮ ಸಂಘದಲ್ಲಿ ಯಾರಿಗಾದರೂ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ನಾಲ್ಕು ಪ್ರಶ್ನೆಗಳನ್ನು ಇಲ್ಲಿಯೂ ಕೇಳಿಕೊಳ್ಳಿರಿ.

ಆ ಬೇವಿನ ಗಿಡದ ಸಂಘದ ಮಾತು ಮುಗಿಸುತ್ತೇನೆ. ಅಧ್ಯಕ್ಷೆ ಆಕೆಯ ಮನೆಗೆ ಹೋದರು, ತಪ್ಪಾಯಿತು ಎಂದರು, ಅಲ್ಲೇ ಕುಳಿತು ಚಹಾ ಕುಡಿದರು. "ಆತ್ ಬಿಡ್ರಿ" ಎಂದರು ಆಕೆ. ಆದರೂ ಒಂದು ವರ್ಷ ಮಗಳ ಕೈಯಲ್ಲೇ ಉಳಿತಾಯ ಕಳಿಸಿದರು. ಈಗ ಬರುತ್ತಾರೆ. ರೊಕ್ಕವನ್ನು ಮಾತ್ರ ನೆಲದ ಮೇಲೆ ಇಡುವುದಿಲ್ಲ, ಕೈಚಾಚಿ ನಿಲ್ಲುತ್ತಾರೆ. ಲೆಕ್ಕ ಬರೆಯುವವರು ಎದ್ದು ಬಂದು ಕೈಯಿಂದಲೇ ತೆಗೆದುಕೊಳ್ಳುತ್ತಾರೆ. ಇದನ್ನು ಯಾರೂ ಠರಾವು ಮಾಡಿಲ್ಲ, ಹಾಗೇ ನಡೆದಿದೆ.

ಚರ್ಚೆಗೆ ಪ್ರಶ್ನೆಗಳು

1. ಕೊರೊನಾ ಕಾಲದಲ್ಲಿ ನಮ್ಮ ಸಂಘದಲ್ಲಿ ಯಾರಿಗಾದರೂ ನೋವಾಯಿತೇ? ಅವರೇ ಹೇಳಲಿ, ಉಳಿದವರು ನಡುವೆ ಬಾಯಿ ಹಾಕದೆ ಕೇಳಲಿ.
2. ಆಗ ನಿಮಗೆ ಯಾರು ದಯೆ ತೋರಿಸಿದರು? ಅವರಿಗೆ ಇದುವರೆಗೆ ಉಪಕಾರ ಹೇಳಿದ್ದೀರಾ?
3. ನಮ್ಮ ಸಭೆಯಲ್ಲಿ ಯಾರು ಎಲ್ಲಿ ಕೂಡುತ್ತಾರೆ? ಯಾಕೆ?

ಈ ತಿಂಗಳ ಕೆಲಸ

ಮಾತು ಬಿಟ್ಟ ಒಬ್ಬರ ಮನೆಗೆ ಒಮ್ಮೆ ಹೋಗಿ ಬನ್ನಿರಿ. ಹೊರಗೆ ನಿಂತು ಮಾತಾಡಬೇಡಿರಿ, ಒಳಗೆ ಕುಳಿತು ನೀರು ಕುಡಿದು ಬನ್ನಿರಿ.

ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆರೋಗ್ಯವಾಗಿ ಇಡಲಿ.