ಎಣ್ಣೆಯಿಲ್ಲದ ವಾಯುರೇಚಕವೂ ಶೀತದಲ್ಲಿ ಒಣಗಿಸಿದ ಲಸಿಕೆಯೂ

ಕುರಿ ಮೇಕೆಗಳ ಪಿ.ಪಿ.ಆರ್. ಎಂಬ ಹಿರೇಬೇನೆಯನ್ನು ತಡೆಯುವ ಲಸಿಕೆಯು ಚಿಕ್ಕ ಗಾಜಿನ ಬುಡ್ಡಿಯ ತಳದಲ್ಲಿ ಒಣಗಿದ ಬಿಲ್ಲೆಯ ರೂಪದಲ್ಲಿ ಹಳ್ಳಿಗೆ ಬರುವುದನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ನೋಡಿಯೇ ಇರುವರು. ಅದು ಬಿಸಿಲಿನಲ್ಲಾಗಲಿ ಒಲೆಯ ಮೇಲಾಗಲಿ ಒಣಗಿದುದಲ್ಲ. ಲಸಿಕೆಯೊಳಗಿನ ಸಜೀವ ವೈರಸ್ಸು ಶಾಖವನ್ನು ತಾಳಲಾರದು. ಆದುದರಿಂದ ದ್ರವವನ್ನು ಮೊದಲು ಹೆಪ್ಪುಗಟ್ಟಿಸಿ, ತರುವಾಯ ಪಾತ್ರೆಯೊಳಗಿನ ಗಾಳಿಯನ್ನು ಹೊರದೆಗೆದು, ಮಂಜುಗಡ್ಡೆಯು ನೀರಾಗದೆ ನೇರವಾಗಿ ಆವಿಯಾಗುವಂತೆ ಮಾಡುವರು. ಹೀಗೆ ಗಾಳಿಯನ್ನು ಹೊರದೆಗೆಯುವ ಯಂತ್ರವೇ ವಾಯುರೇಚಕ. ಪ್ರಯೋಗಶಾಲೆಯವರು ಇದನ್ನು ವ್ಯಾಕ್ಯೂಂ ಪಂಪು ಎನ್ನುವರು. ಕೆಲಸದ ನಡುವೆ ಇದು ಕೆಟ್ಟರೆ ಮಂಜುಗಡ್ಡೆಯು ಕರಗಿ, ಬಿಲ್ಲೆಯು ಕುಸಿದು, ಲಸಿಕೆಯ ಶಕ್ತಿಯು ಕುಂದುವುದು. ಅಂಥ ಲಸಿಕೆಯನ್ನು ಹಾಕಿಸಿದ ಮಂದೆಯು, ಒಡೆಯನು ನಿಶ್ಚಿಂತನಾಗಿರುವಾಗಲೇ ರೋಗಕ್ಕೆ ತುತ್ತಾಗಬಹುದು. ಬಿಲ್ಲೆಯು ಸುಕ್ಕಿ ತಳಕ್ಕೆ ಅಂಟಿದಂತೆ ಅಥವಾ ಒದ್ದೆಯಾಗಿದ್ದಂತೆ ಕಂಡರೆ ಆ ಬುಡ್ಡಿಯನ್ನು ಉಪಯೋಗಿಸದೆ ಪಶುವೈದ್ಯಾಧಿಕಾರಿಗೆ ತೋರಿಸತಕ್ಕದ್ದು.

ಬಹುಕಾಲದಿಂದ ಈ ಕೆಲಸಕ್ಕೆ ಎಣ್ಣೆಯೊಳಗೆ ತಿರುಗುವ ಪಂಪನ್ನೇ ಹೆಚ್ಚಾಗಿ ಬಳಸುತ್ತ ಬಂದಿರುವರು. ಗಾಳಿಯನ್ನು ಅತ್ಯಲ್ಪವಾಗುವವರೆಗೆ ತೆಗೆಯುವುದರಲ್ಲಿ ಅದು ಸಮರ್ಥವೇ ಸರಿ. ಅದರ ದೋಷವಿರುವುದು ಎಣ್ಣೆಯಲ್ಲಿ. ಲಸಿಕೆಯಿಂದ ಹೊರಟ ನೀರಿನ ಆವಿಯು ಪಂಪನ್ನು ಹೊಕ್ಕರೆ ಎಣ್ಣೆಯೊಡನೆ ಬೆರೆತು ಅದನ್ನು ಹಾಲಿನಂತೆ ಬೆಳ್ಳಗಾಗಿಸುವುದು. ಕಬ್ಬಿಣದ ಭಾಗಗಳಿಗೆ ತುಕ್ಕು ಹಿಡಿಯುವುದು. ಇದಲ್ಲದೆ ಎಣ್ಣೆಯ ಆವಿಯು ಕೊಳವೆಯಲ್ಲಿ ಹಿಂದಕ್ಕೆ ಸರಿದು ತಣ್ಣಗಿರುವ ಜಾಗವನ್ನು ಸೇರುವುದು. ತಣ್ಣೀರು ತುಂಬಿದ ತಂಬಿಗೆಯ ಹೊರಮೈಯಲ್ಲಿ ಹನಿಗೂಡುವುದು ಯಾವ ಕಾರಣದಿಂದಲೋ ಇದೂ ಅದೇ ಕಾರಣದಿಂದ. ಶೀತಯಂತ್ರದಲ್ಲಿ ಅತಿ ತಣ್ಣಗಿರುವುದು ಪದಾರ್ಥವಿರುವ ಪಾತ್ರೆ ಮತ್ತು ಅದರ ನೆರೆಯ ಶೀತಕವಾದುದರಿಂದ ಎಣ್ಣೆಯು ಬರಬಾರದ ಕಡೆಗೇ ಬರುವುದು. ವಿದ್ಯುತ್ತು ಥಟ್ಟನೆ ನಿಂತಾಗ, ತಡೆಯುವ ಕವಾಟವು ಸರಿಯಿಲ್ಲದಿದ್ದರೆ ಎಣ್ಣೆಯೇ ಕೊಳವೆಯೊಳಕ್ಕೆ ಏರುವುದೂ ಉಂಟು.

ಈ ತೊಂದರೆಯನ್ನು ತಪ್ಪಿಸುವುದಕ್ಕಾಗಿ ಬಳಕೆಗೆ ಬಂದುದು ಡಯಾಫ್ರಂ ಪಂಪು, ಎಂದರೆ ಪೊರೆಯ ಪಂಪು. ಕಮ್ಮಾರನ ತಿದಿಯನ್ನು ಬಲ್ಲವರಿಗೆ ಇದರ ರೀತಿಯು ಹೊಸದಲ್ಲ. ತಿದಿಯನ್ನು ಎತ್ತಿದಾಗ ಚರ್ಮದ ಮುಚ್ಚಳವು ತೆರೆದು ಗಾಳಿಯು ಒಳಕ್ಕೆ ಬರುವುದು. ಒತ್ತಿದಾಗ ಮುಚ್ಚಳವು ಮುಚ್ಚಿಕೊಂಡು ಗಾಳಿಯು ಮೂತಿಯಿಂದ ಹೊರಡುವುದು. ಪಂಪಿನಲ್ಲಿ ಚರ್ಮಕ್ಕೆ ಬದಲಾಗಿ ರಬ್ಬರಿನ ಜಾತಿಯ ಪೊರೆಯೊಂದನ್ನು ಅಂಚಿನಲ್ಲಿ ಬಿಗಿದಿರುವರು. 1938ರಲ್ಲಿ ಕಂಡುಹಿಡಿಯಲ್ಪಟ್ಟ ಟೆಫ್ಲಾನ್ ಎಂಬ ವಸ್ತುವಿನ ಹೊದಿಕೆಯು ಪೊರೆಗೆ ಇದ್ದರೆ ತೀಕ್ಷ್ಣವಾದ ರಾಸಾಯನಿಕ ಆವಿಗಳೂ ಅದನ್ನು ತಿನ್ನಲಾರವು. ಮೋಟಾರಿನಿಂದ ನಡೆಯುವ ಸರಳೊಂದು ಪೊರೆಯ ನಡುಭಾಗವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು. ಒಳಬರುವ ದಾರಿಗೆ ಒಂದು, ಹೊರಹೋಗುವ ದಾರಿಗೆ ಒಂದು, ಹೀಗೆ ಎರಡು ಕವಾಟಗಳುಂಟು. ತಿದಿಯು ಬಯಲಿನ ಗಾಳಿಯನ್ನು ಒಲೆಗೆ ಊದಿದರೆ, ಇದು ಪಾತ್ರೆಯ ಗಾಳಿಯನ್ನು ಬಯಲಿಗೆ ಊದುವುದು. ಎಣ್ಣೆಯಿಲ್ಲವೆಂದ ಮಾತ್ರಕ್ಕೆ ಯಂತ್ರದ ಬೇರಿಂಗುಗಳಲ್ಲಿ ಗ್ರೀಸು ಇಲ್ಲವೆಂದು ತಿಳಿಯಬಾರದು. ಅದು ಪೊರೆಯ ಆಚೆಗಿದ್ದು ಗಾಳಿಯ ದಾರಿಯನ್ನು ಸೇರುವುದಿಲ್ಲ, ಅಷ್ಟೆ.

ಇದಕ್ಕೂ ಒಂದು ಮಿತಿಯುಂಟು. ಮಾರುವವರು ಇದನ್ನು ಸಾಮಾನ್ಯವಾಗಿ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಪೊರೆಯು ಎಷ್ಟೇ ಮೇಲೇರಿದರೂ ಕವಾಟಗಳ ಸಂದಿಯಲ್ಲಿ ಸ್ವಲ್ಪ ಗಾಳಿಯು ಉಳಿದೇ ಉಳಿಯುವುದು, ಪೊರೆಯು ಇಳಿದಾಗ ಅದೇ ಮತ್ತೆ ಹಿಗ್ಗುವುದು. ಆದುದರಿಂದ ಎರಡು, ಮೂರು, ನಾಲ್ಕು ಕೋಣೆಗಳನ್ನು ಒಂದರ ಹಿಂದೊಂದಾಗಿ ಜೋಡಿಸುವರು. ಒಂದೇ ಹಂತದ ಪಂಪು ಒತ್ತಡವನ್ನು ಪಾದರಸದ 50 ರಿಂದ 75 ಮಿಲಿಮೀಟರಿನವರೆಗೆ ಇಳಿಸಿದರೆ, ಮೂರು ಹಂತದ್ದು 1 ಮಿಲಿಮೀಟರಿನ ಆಸುಪಾಸಿಗೂ ನಾಲ್ಕು ಹಂತದ್ದು ಸುಮಾರು ಅರ್ಧ ಮಿಲಿಮೀಟರಿಗೂ ಇಳಿಸಬಲ್ಲದು. ಮಂಜುಗಡ್ಡೆಯ ಆವಿಯ ಒತ್ತಡವಾದರೋ 0 ಡಿಗ್ರಿ ಸೆಂಟಿಗ್ರೇಡಿನಲ್ಲಿ 4.6 ಮಿಲಿಮೀಟರು, ಶೂನ್ಯಕ್ಕೆ 20 ಡಿಗ್ರಿ ಕೆಳಗೆ 0.78, 40 ಡಿಗ್ರಿ ಕೆಳಗೆ ಕೇವಲ 0.1. ಪಾತ್ರೆಯ ಒತ್ತಡವು ಇದಕ್ಕಿಂತ ಕಡಿಮೆಯಿದ್ದಲ್ಲದೆ ಒಣಗುವಿಕೆಯು ಚೆನ್ನಾಗಿ ಸಾಗದು. ಆದಕಾರಣ 40 ಡಿಗ್ರಿ ಕೆಳಗಿಟ್ಟು ಒಣಗಿಸಬೇಕಾದ ಪದಾರ್ಥಕ್ಕೆ ಡಯಾಫ್ರಂ ಪಂಪೊಂದೇ ಸಾಲದು. ಅಲ್ಲಿ ಮುಂದುಗಡೆ ಟರ್ಬೊ ಪಂಪನ್ನು ಇಟ್ಟು ಇದನ್ನು ಅದರ ಹಿಂದೆ ಸಹಾಯಕ್ಕೆ ಜೋಡಿಸುವುದುಂಟು. ಎಣ್ಣೆಯ ಪಂಪಿನ ಹಿಂದೆಯೇ ಇದನ್ನು ಸೇರಿಸಿ ಎಣ್ಣೆಯಲ್ಲಿ ಆವಿಯು ನಿಲ್ಲದಂತೆ ಮಾಡುವುದೂ ಉಂಟು.

ಶೂನ್ಯಕ್ಕೆ 20 ಡಿಗ್ರಿ ಕೆಳಗೆ, 0.78 ಮಿಲಿಮೀಟರು ಒತ್ತಡದಲ್ಲಿ, 1 ಗ್ರಾಂ ಮಂಜುಗಡ್ಡೆಯು 1,100 ಲೀಟರಿನಷ್ಟು ಆವಿಯಾಗುವುದು. ಇಷ್ಟನ್ನು ಯಾವ ಚಿಕ್ಕ ಪಂಪೂ ಎಳೆದು ಹಾಕಲಾರದು. ಆವಿಯನ್ನು ಹಿಡಿದು ಮತ್ತೆ ಮಂಜಾಗಿಸುವ ಕೆಲಸವು ಶೀತಕದ್ದು. ಗಾಳಿಯನ್ನು ತೆಗೆಯುವುದು ಮಾತ್ರ ಪಂಪಿನದು. ಶೀತಕವು ತಕ್ಕಷ್ಟು ತಣ್ಣಗಾಗುವ ಮೊದಲೇ ಪಂಪನ್ನು ನಡೆಸುವವರು ಪಂಪನ್ನು ದೂರುವುದು ನ್ಯಾಯವಲ್ಲ.

ಮಾಪಕದ ವಿಷಯದಲ್ಲಿ ಒಂದು ಎಚ್ಚರಿಕೆಯಿರಬೇಕು. 1925ರಲ್ಲಿ ಮೈಸೂರು ಸೀರಂ ಸಂಸ್ಥೆಯೆಂದು ಆರಂಭವಾಗಿ ಈಗಲೂ ಲಸಿಕೆಗಳನ್ನು ತಯಾರಿಸುವ ಸಂಸ್ಥೆಯಿರುವ ಹೆಬ್ಬಾಳವು, ಬೆಂಗಳೂರಿನ ಉಳಿದ ಭಾಗಗಳಂತೆ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಅಲ್ಲಿ ವಾಯುಭಾರವು ಪಾದರಸದ ಸುಮಾರು 685 ಮಿಲಿಮೀಟರು, ಮಂಗಳೂರಿನಲ್ಲಿ 760. ಹೊರಗಿನ ಗಾಳಿಗೆ ಹೋಲಿಸಿ ಅಳೆಯುವ ಮುಳ್ಳಿನ ಮಾಪಕವು 680 ತೋರಿಸಿದರೆ, ಬೆಂಗಳೂರಿನ ಪಾತ್ರೆಯಲ್ಲಿ ಉಳಿದಿರುವುದು 5 ಮಿಲಿಮೀಟರು, ಮಂಗಳೂರಿನದರಲ್ಲಿ 80. ಆದುದರಿಂದ ಉಳಿದ ಒತ್ತಡವನ್ನೇ ನೇರವಾಗಿ ಅಳೆಯುವ ಮಾಪಕವನ್ನು ಪಂಪಿನೊಡನೆ ಕೊಳ್ಳುವುದು ಅವಶ್ಯ.

ಪೊರೆಯೂ ಕವಾಟವೂ ಸವೆಯುವ ವಸ್ತುಗಳು. ಸುಮಾರು 10,000 ಗಂಟೆಗಳ ಕೆಲಸಕ್ಕೊಮ್ಮೆ, ಅಂದರೆ ಅಹೋರಾತ್ರಿ ನಡೆಯುವ ಪಂಪಿಗೆ ಸುಮಾರು 14 ತಿಂಗಳಿಗೊಮ್ಮೆ, ಇವುಗಳನ್ನು ಬದಲಾಯಿಸುವುದು ವಾಡಿಕೆ. ಬದಲಿ ಪೊರೆಗಳನ್ನು ಪಂಪಿನ ಜೊತೆಯಲ್ಲಿಯೇ ತರಿಸಿಟ್ಟುಕೊಳ್ಳುವುದು ಮೇಲು. ತಿಂಗಳಿಗೊಮ್ಮೆ ಪಂಪಿನ ಬಾಯನ್ನು ಮುಚ್ಚಿ ನಡೆಸಿ, ಮಾಪಕವು ತೋರಿಸಿದ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಅಂಕಿಯು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಪೊರೆಯಾಗಲಿ ಕವಾಟವಾಗಲಿ ಸವೆದಿದೆಯೆಂದು ತಿಳಿಯಬಹುದು. ಪ್ರತಿದಿನದ ಕೆಲಸವು ಮುಗಿದ ಮೇಲೆ ಪಾತ್ರೆಯ ಕವಾಟವನ್ನು ಮುಚ್ಚಿ, ಪಂಪಿನ ಬಾಯನ್ನು ಬಯಲಿಗೆ ತೆರೆದು ಕೆಲವು ನಿಮಿಷ ನಡೆಸಿದರೆ ಒಳಗೆ ನಿಂತ ತೇವವು ಗಾಳಿಯೊಡನೆ ಹೊರಟುಹೋಗುವುದು.