ಯಾವ ಕೆಲಸಕ್ಕೆ ಯಾರ ಬಾಗಿಲು?



ಸಂತೆಯ ದಿನ ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಕುಳಿತವರನ್ನು ನೀವು ನೋಡಿರಬಹುದು. ಕಂಕುಳಲ್ಲಿ ಒಂದು ಚೀಲ, ಚೀಲದಲ್ಲಿ ಮಡಿಸಿ ಮಡಿಸಿ ಹರಿದುಹೋದ ಕಾಗದಗಳು. ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಬಂದಿರುತ್ತಾರೆ, ಮಧ್ಯಾಹ್ನ ಕಳೆದರೂ ಕುಳಿತೇ ಇರುತ್ತಾರೆ. ಅವರಲ್ಲಿ ಎಷ್ಟೋ ಮಂದಿಯ ಕೆಲಸ ಆ ಕಚೇರಿಯಲ್ಲಿ ಆಗತಕ್ಕದ್ದೇ ಅಲ್ಲ. ಒಬ್ಬರದು ಹೋಬಳಿಯ ನಾಡಕಚೇರಿಯಲ್ಲಿ ಆಗಬೇಕು, ಇನ್ನೊಬ್ಬರದು ಉಪನೋಂದಣಾಧಿಕಾರಿಗಳ ಹತ್ತಿರ, ಮತ್ತೊಬ್ಬರದು ತಮ್ಮ ಊರಿನ ಪಂಚಾಯಿತಿಯಲ್ಲೇ. ಇದು ತಿಳಿಯದೆ ಹೋದವರಿಗೆ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು ಎರಡೂ ನಷ್ಟ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಹೀಗೆ ದಿಕ್ಕು ತೋಚದೆ ಕುಳಿತವರ ಪಕ್ಕಕ್ಕೆ ಬಂದು "ನಾನು ಮಾಡಿಸಿಕೊಡ್ತೀನಿ ಗೌಡ್ರೇ" ಎನ್ನುವವರ ಕೈಗೆ ಬೀಳುವುದು.

ಹಿಂದೆ ಈ ತೊಂದರೆ ಇಷ್ಟಿರಲಿಲ್ಲ. ಎಲ್ಲಕ್ಕೂ ಶಾನುಭೋಗರೊಬ್ಬರೇ. ಅವರ ಕಡತದಲ್ಲಿ ಏನಿದೆಯೆಂದು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದೂ ನಿಜ. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಕಾಯಿದೆ ರದ್ದುಮಾಡಿತು. 2000ದಿಂದ ಈಚೆಗೆ ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಈಗ ಯಾರು ಬೇಕಾದರೂ ತಮ್ಮ ಪಹಣಿಯನ್ನು ಶುಲ್ಕ ಕೊಟ್ಟು ಪಡೆಯಬಹುದು. ಪಡೆದ ಮೇಲೆ ಓದಿಕೊಳ್ಳುವವರು ಮಾತ್ರ ಕಡಿಮೆ. ಆದುದರಿಂದ ಮೊದಲು ಪಹಣಿಯನ್ನೇ ನೋಡೋಣ. ನಿಮ್ಮ ಪಹಣಿಯೊಂದನ್ನು ಎದುರಿಗಿಟ್ಟುಕೊಂಡು ಮುಂದೆ ಓದಿರಿ. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿರಿ.

ಮೂರನೆಯ ಕಲಮಿನಲ್ಲಿ ವಿಸ್ತೀರ್ಣವಿದೆ. ಒಟ್ಟು ಎಷ್ಟು, ಅದರಲ್ಲಿ ಫೂಟ್ ಖರಾಬು 'ಅ' ಎಷ್ಟು, 'ಬ' ಎಷ್ಟು, ಉಳಿದದ್ದು ಎಷ್ಟು ಎಂದು ಬರೆದಿರುತ್ತದೆ. 'ಅ' ಖರಾಬು ಎಂದರೆ ಬಂಡೆ, ಕಣ ಮುಂತಾಗಿ ಸಾಗುವಳಿಗೆ ಬಾರದ ಜಾಗ. 'ಬ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂತೆ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು. ಒಟ್ಟು 3 ಎಕರೆ 20 ಗುಂಟೆ, 'ಬ' ಖರಾಬು 8 ಗುಂಟೆ ಎಂದಿದ್ದರೆ ನಿಮಗೆ ಸಿಗುವುದು 3 ಎಕರೆ 12 ಗುಂಟೆ ಮಾತ್ರ. ಕೊಳ್ಳುವಾಗ ಒಟ್ಟು ವಿಸ್ತೀರ್ಣಕ್ಕೆ ಹಣ ಎಣಿಸಿಕೊಟ್ಟು, ಆಮೇಲೆ ಹೊಲದ ನಡುವೆ ಊರಿನ ಗಾಡಿ ಜಾಡು ಹೋಗುವುದನ್ನು ನೋಡಿ ತಲೆಯ ಮೇಲೆ ಕೈಹೊತ್ತವರುಂಟು.

ಒಂಬತ್ತನೆಯ ಕಲಮಿನಲ್ಲಿ ಖಾತೆದಾರರ ಹೆಸರಿದೆ. ಹನ್ನೊಂದನೆಯದರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಈ ಹನ್ನೊಂದನೆಯ ಕಲಮನ್ನು ನಮ್ಮ ಮನೆಯಲ್ಲಿ ಯಾರೂ ನೋಡಿದವರಲ್ಲ. ನಮ್ಮ ತಂದೆಯವರು ಬಾವಿ ತೋಡಿಸಲು ಸಾಲ ಪಡೆದು, ಕೊನೆಯ ಕಂತನ್ನೂ ಕಟ್ಟಿ, ರಸೀತಿಯನ್ನು ದೇವರ ಪಟದ ಹಿಂದೆ ಇಟ್ಟಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ನಾನು ಬೇರೊಂದು ಸಾಲಕ್ಕೆ ಅರ್ಜಿ ಹಾಕಿದಾಗ ಆ ಹಳೆಯ ಸಾಲ ಪಹಣಿಯಲ್ಲಿ ಹಾಗೆಯೇ ಕುಳಿತಿತ್ತು. ಸಾಲ ಕೊಟ್ಟವರು ತೀರುವಳಿ ಪತ್ರ ಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ದೇವರ ಪಟದ ಹಿಂದಿನ ರಸೀತಿಯನ್ನು ಗೆದ್ದಲು ತಿಂದಿತ್ತು. ಅದನ್ನು ತೆಗೆಸುವಷ್ಟರಲ್ಲಿ ಒಂದು ಮುಂಗಾರು ಕಳೆದುಹೋಯಿತು. ಸಾಲ ತೀರಿದ ದಿನವೇ ತೀರುವಳಿ ಪತ್ರ ಕೇಳಿ ಪಡೆಯಿರಿ. ಮುಂದಿನ ಪಹಣಿ ತೆಗೆಸಿ ಋಣ ಇಳಿದಿದೆಯೇ ಎಂದು ಕಣ್ಣಾರೆ ನೋಡಿರಿ.

ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಯಿತೆಂದು ತಿಳಿಯಬೇಡಿರಿ. ಭೂಕಂದಾಯ ಕಾಯಿದೆಯ ಪ್ರಕಾರ ಅದರಲ್ಲಿ ಬರೆದದ್ದು, ಸುಳ್ಳೆಂದು ತೋರಿಸುವವರೆಗೆ, ನಿಜವೆಂದು ಭಾವಿಸತಕ್ಕದ್ದು. ಅಷ್ಟೇ ಅದರ ಬಲ. ಒಡೆತನದ ಬೇರು ನಿಮ್ಮ ಕ್ರಯಪತ್ರ, ವಿಭಾಗಪತ್ರ, ಮಂಜೂರಾತಿ ಆದೇಶಗಳಲ್ಲಿದೆ. ಅವನ್ನು ಜೋಪಾನವಾಗಿಡಿರಿ.

ಇನ್ನು ಪೌತಿ ಖಾತೆ. ನಮ್ಮ ಹಳ್ಳಿಗಳಲ್ಲಿ ತಾತನ ಹೆಸರಿನಲ್ಲೇ ಉಳಿದಿರುವ ಜಮೀನು ಎಷ್ಟಿದೆಯೋ ಲೆಕ್ಕವಿಲ್ಲ. ಮೊಮ್ಮಕ್ಕಳು ಉಳುತ್ತಿದ್ದಾರೆ, ಕಂದಾಯ ಕಟ್ಟುತ್ತಿದ್ದಾರೆ, ಖಾತೆ ಮಾತ್ರ ಸತ್ತವರದು. "ನಮ್ಮ ಜಮೀನು ಎಲ್ಲಿಗೆ ಹೋಗುತ್ತೆ ಬಿಡಿ" ಎನ್ನುತ್ತಾರೆ. ಜಮೀನು ಎಲ್ಲಿಗೂ ಹೋಗುವುದಿಲ್ಲ, ಸರಿ. ಆದರೆ ಬೆಳೆಸಾಲ, ಬೆಳೆವಿಮೆ, ಬರಪರಿಹಾರದ ಹಣ ಖಾತೆದಾರನ ಹೆಸರು ಹುಡುಕಿಕೊಂಡು ಬರುತ್ತವೆ. ಹಕ್ಕು ಬಂದ ಮೂರು ತಿಂಗಳೊಳಗೆ ಅದನ್ನು ವರದಿ ಮಾಡಬೇಕೆಂದು ಕಾಯಿದೆಯಲ್ಲಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಇವುಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿರಿ. ಗ್ರಾಮ ಆಡಳಿತಾಧಿಕಾರಿ (ಹಿಂದೆ ಇವರನ್ನೇ ಗ್ರಾಮಲೆಕ್ಕಿಗರು ಎನ್ನುತ್ತಿದ್ದರು) ವಿಚಾರಣೆಗೆ ಬರುತ್ತಾರೆ. ತಾಲ್ಲೂಕಿಗೆ ಅಲೆಯಬೇಕಾದ ಕೆಲಸ ಇದಲ್ಲ.

ವಂಶವೃಕ್ಷ ಬರೆಸುವಾಗ ಒಂದು ಮಾತು. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನು ಬಿಟ್ಟು ಬರೆಸುವ ರೂಢಿ ನಮ್ಮಲ್ಲಿದೆ. "ಅವಳಿಗೆ ಆಗಲೇ ಬಂಗಾರ ಹಾಕಿ ಕಳಿಸಿದ್ದೇವಲ್ಲ" ಎಂಬುದು ಸಮಾಧಾನ. ಕಾನೂನು ಈ ಸಮಾಧಾನವನ್ನು ಒಪ್ಪುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂಬುದನ್ನು ನಮ್ಮ ರಾಜ್ಯ 1994ರಲ್ಲೇ ತಂದಿತು. ಆದರೆ ಆಗ ಅದಕ್ಕೆ ಮುಂಚೆ ಮದುವೆಯಾದವರಿಗೆ ಅದು ಸಿಗುತ್ತಿರಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ಬಂದ ತಿದ್ದುಪಡಿಯಲ್ಲಿ ಆ ಭೇದವೂ ಹೋಯಿತು. 2005ಕ್ಕೆ ಮುಂಚೆಯೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೆಸರು ಮುಚ್ಚಿಟ್ಟು ಮಾಡಿಸಿದ ಖಾತೆ ಇಂದಲ್ಲ ನಾಳೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. ತಂಗಿಗೆ ಪಾಲು ಕೊಡಿರಿ. ಅವಳೇ ಮನಸಾರೆ ಬೇಡವೆಂದರೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿಕೊಳ್ಳಿರಿ. ಊಟದ ಮನೆಯಲ್ಲಿ ಆಡಿದ ಮಾತು ಪತ್ರವಲ್ಲ.

ಅಣ್ಣತಮ್ಮಂದಿರ ಪಾಲುಪಟ್ಟಿಯೂ ಹೀಗೆಯೇ. ಊರ ಹಿರಿಯರ ಮುಂದೆ ಬಿಳಿಯ ಹಾಳೆಯ ಮೇಲೆ ಬರೆದು ಹೆಬ್ಬೆಟ್ಟು ಒತ್ತಿದರೆ ಮನಸ್ಸಿಗೆ ನೆಮ್ಮದಿಯಾದೀತು. ಕಾನೂನಿನ ಮುಂದೆ ಅದು ನಿಲ್ಲುವುದು ಕಷ್ಟ. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬದಲಿಸುವ ಪತ್ರ ನೋಂದಣಿಯಾಗಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಈ ಕಾಲದಲ್ಲಿ 100 ರೂಪಾಯಿಗೆ ಒಂದು ಹೆಜ್ಜೆ ನೆಲವೂ ಬಾರದು, ಆದ್ದರಿಂದ ಎಲ್ಲಕ್ಕೂ ಬೇಕೆಂದೇ ತಿಳಿಯಿರಿ. ಬರೆದು ಸಹಿಮಾಡಿದ ನಾಲ್ಕು ತಿಂಗಳೊಳಗೆ ಉಪನೋಂದಣಾಧಿಕಾರಿಗಳ ಮುಂದೆ ಅದನ್ನು ಹಾಜರುಪಡಿಸಬೇಕು.

ನೋಂದಣಿಗೆ ಮುಂಚೆ ಅಳತೆ. ಪೂರ್ತಿ ಸರ್ವೆ ನಂಬರನ್ನು ಕೊಡದೆ ಅದರಲ್ಲಿ ಒಂದು ಭಾಗವನ್ನು ಮಾತ್ರ ಮಾರುವುದಾದರೆ, ಹಂಚುವುದಾದರೆ, 11ಇ ನಕ್ಷೆ ಬೇಕು. ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಸರ್ವೆ ಇಲಾಖೆಯ ಭೂಮಾಪಕರು ಅಥವಾ ಇಲಾಖೆಯಿಂದ ಪರವಾನಗಿ ಪಡೆದ ಭೂಮಾಪಕರು ಬಂದು ಅಳೆಯುತ್ತಾರೆ. ಅಳತೆಯ ಲೆಕ್ಕ ನಿಮಗೂ ತಿಳಿದಿರಲಿ: ಉದ್ದ 33 ಅಡಿ, ಅಗಲ 33 ಅಡಿ ಇದ್ದರೆ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ಅಳೆಯುವ ದಿನ ಅಕ್ಕಪಕ್ಕದ ಹೊಲದವರನ್ನು ಕರೆದು ನಿಲ್ಲಿಸಿಕೊಳ್ಳಿರಿ. ಅವರ ಎದುರಿಗೆ ನಿಂತ ಬಾಂದುಕಲ್ಲನ್ನು ಆಮೇಲೆ ಯಾರೂ ಸುಲಭವಾಗಿ ಅಲ್ಲಗಳೆಯಲಾರರು. ಬದುವನ್ನು ವರ್ಷಕ್ಕೆ ಒಂದು ಗೇಣು ಒಳಕ್ಕೆ ಉಳುವ ನೆರೆಯವರು ಎಲ್ಲ ಊರಿನಲ್ಲೂ ಒಬ್ಬರಾದರೂ ಇದ್ದಾರೆ. ಜಗಳಕ್ಕೆ ಕುಡುಗೋಲು ಎತ್ತುವುದಕ್ಕಿಂತ ಹದ್ದುಬಸ್ತಿಗೆ ಅರ್ಜಿ ಹಾಕುವುದು ಅಗ್ಗ.

ಪತ್ರ ಬರಹಗಾರರು ಬರೆದ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಬಾರದು. ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ ಇಷ್ಟನ್ನು ಗಟ್ಟಿಯಾಗಿ ಓದಿಸಿ ಕೇಳಿರಿ. ಪೂರ್ವಕ್ಕೂ ಪಶ್ಚಿಮಕ್ಕೂ ಅದಲುಬದಲಾದ ಪತ್ರಗಳನ್ನು ನಾನು ಕಂಡಿದ್ದೇನೆ. ಕೊಳ್ಳುವವರು ಇದಕ್ಕೂ ಮುಂಚೆ ಅದೇ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ ನೋಡಬೇಕು. ನೋಂದಣಿಯಾದ ಮೇಲೆ ವಿವರ ತಾನಾಗಿಯೇ ಭೂಮಿ ಶಾಖೆಗೆ ಹೋಗಿ ಖಾತೆ ಬದಲಾವಣೆ ಶುರುವಾಗುತ್ತದೆ. ಆದರೂ ಹೊಸ ಪಹಣಿ ಕೈಗೆ ಬರುವವರೆಗೆ ವಿಚಾರಿಸುತ್ತಿರಿ. ಯಾರಾದರೂ ತಕರಾರು ಹಾಕಿದ್ದರೆ ಅದು ಅಲ್ಲಿಯೇ ನಿಂತಿರುತ್ತದೆ.

ಊರೊಳಗಿನ ಮನೆಗೆ ಪಹಣಿ ಇಲ್ಲ. ಗ್ರಾಮಠಾಣದ ಮನೆ, ನಿವೇಶನಗಳ ಲೆಕ್ಕ ಗ್ರಾಮ ಪಂಚಾಯಿತಿಯದು. ಅಲ್ಲಿ ಇ-ಸ್ವತ್ತು ಮೂಲಕ ನಮೂನೆ 9 ಮತ್ತು 11 ಕೊಡುತ್ತಾರೆ. ಮನೆಕಂದಾಯದ ರಸೀತಿ ಇದ್ದರೆ ಸಾಕೆಂದು ನಂಬಿರುವವರು ಇದನ್ನು ಗಮನಿಸಬೇಕು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನಿನಿಂದ ಊರುಗಳನ್ನು ಅಳೆದು ಮನೆಗಳಿಗೆ ಆಸ್ತಿ ಪತ್ರ ಕೊಡುವ ಕೆಲಸ ನಡೆದಿದೆ. ನಿಮ್ಮ ಊರಿಗೆ ಅವರು ಬಂದಾಗ ಮನೆಯಲ್ಲಿದ್ದು ನಿಮ್ಮ ಗಡಿಯನ್ನು ತೋರಿಸಿರಿ.

ಇನ್ನು ಸಾಲದ ಬಾಗಿಲು. ಕೈಸಾಲದ ಬಡ್ಡಿ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. 1904ರಲ್ಲಿ ಸಹಕಾರ ಕಾಯಿದೆ ಬಂದ ಮರುವರ್ಷವೇ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಕಟ್ಟಿದರು. ದೇಶದ ಮೊದಲನೆಯ ಕೃಷಿ ಸಹಕಾರ ಸಂಘವೆಂದು ಅದಕ್ಕೆ ಹೆಸರು. ಇಂದು ನಿಮ್ಮ ಊರಿನ ಅಥವಾ ಪಕ್ಕದೂರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಅದೇ ಬಳ್ಳಿಯದು. ಷೇರು ಕೊಂಡು ಸದಸ್ಯರಾದವರಿಗೆ ಬೆಳೆಸಾಲ ಸಿಗುತ್ತದೆ. ಗಡುವಿನೊಳಗೆ ತೀರಿಸಿದರೆ ಬಡ್ಡಿಯಿಲ್ಲ; ಈ ಮಿತಿಯನ್ನು ಸರ್ಕಾರ 2023-24ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಗಡುವು ಮೀರಿದರೆ ಈ ಸವಲತ್ತು ಹೋಗುತ್ತದೆ, ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಿರಿ. ಬಾವಿ, ತೋಟ, ಟ್ರಾಕ್ಟರಿನಂಥ ದೀರ್ಘಾವಧಿ ಸಾಲಕ್ಕೆ ತಾಲ್ಲೂಕಿನ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕಿದೆ. ಹಿರಿಯರು ಅದನ್ನು ಈಗಲೂ ಭೂ ಅಡಮಾನ ಬ್ಯಾಂಕು ಎಂದೇ ಕರೆಯುತ್ತಾರೆ. ಸಂಘದ ವಾರ್ಷಿಕ ಸಭೆಗೆ ಹೋಗಿ ಲೆಕ್ಕ ಕೇಳಿರಿ. ಹೆಚ್ಚು ಷೇರಿದ್ದವನಿಗೂ ಒಂದೇ ಓಟು, ನಿಮಗೂ ಒಂದೇ ಓಟು.

ಬೀಜ, ಗೊಬ್ಬರ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಸಿಗುತ್ತದೆ, ಅಂಗಡಿಯಲ್ಲೂ ಸಿಗುತ್ತದೆ. ಎಲ್ಲಿ ಕೊಂಡರೂ ರಸೀತಿ ಬೇಕು. ರಸೀತಿ ಕೊಡುವುದು ಅಂಗಡಿಯವರು ಮಾಡುವ ಉಪಕಾರವಲ್ಲ, ಅವರ ಕರ್ತವ್ಯ. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಅಂಥ ಭತ್ತದ ಬೀಜ ನೂರಕ್ಕೆ 80ಕ್ಕೆ ಕಡಮೆಯಿಲ್ಲದೆ ಮೊಳೆಯಬೇಕು, ರಾಗಿ 75, ನೆಲಗಡಲೆ 70. ಬಿತ್ತುವ ಮುಂಚೆ ನೂರು ಕಾಳೆಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ನೋಡಿರಿ. ಚೀಟಿ, ಚೀಲ, ಒಂದು ಹಿಡಿ ಬೀಜ, ರಸೀತಿ ಇಷ್ಟನ್ನು ಕೊಯ್ಲಾಗುವವರೆಗೆ ಬಿಸಾಡಬೇಡಿರಿ. ಬೆಳೆ ಕೆಟ್ಟಾಗ ಕೃಷಿ ಅಧಿಕಾರಿಗಳ ಮುಂದೆ ತೋರಿಸಲು ಅದೇ ಸಾಕ್ಷಿ.

ಕೊನೆಗೆ ಕೊಳವೆಬಾವಿ ಲಾರಿಯವರು. ಅಡಿಗೆ ಎಷ್ಟು, ಕೇಸಿಂಗಿಗೆ ಎಷ್ಟು ಎಂದು ಚೌಕಾಸಿ ಮಾಡುತ್ತೇವೆ. ನೀರು ಬಾರದಿದ್ದರೆ ಗುಂಡಿ ಮುಚ್ಚುವವರು ಯಾರೆಂದು ಕೇಳುವುದಿಲ್ಲ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಒಬ್ಬ ಬಾಲಕ ತನ್ನ ತಂದೆಯ ಹೊಲದ ಕೊಳವೆಬಾವಿಗೆ ಬಿದ್ದು ಪ್ರಾಣ ಕಳೆದುಕೊಂಡ. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಕೂಸನ್ನು ಸುಮಾರು 20 ಗಂಟೆಗಳ ಕಾಲ ಪಕ್ಕದಲ್ಲಿ ಅಗೆದು ಜೀವಸಹಿತ ಹೊರಗೆ ತೆಗೆದರು. ಎರಡೂ ಮನೆಯವರದೇ ಹೊಲ. ತೋಡಿಸುವ 15 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು, ತೋಡುವಾಗ ಸುತ್ತ ಬೇಲಿ ಹಾಕಬೇಕು, ಬೇಡವಾದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಅಪ್ಪಣೆ ಮಾಡಿದೆ. ಲಾರಿಯವರಿಗೆ ಪೂರ್ತಿ ಹಣ ಕೊಡುವ ಮುಂಚೆ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿಸಿಕೊಳ್ಳಿರಿ. ಗೋಣಿಚೀಲ ತುರುಕಿ ಮೇಲೆ ಚಪ್ಪಡಿ ಎಳೆದರೆ ಅದು ಮುಚ್ಚಳವಲ್ಲ. ಹಳೆಯದೊಂದು ನಿಮ್ಮ ಹೊಲದಲ್ಲಿ ಹಾಗೆಯೇ ಬಾಯಿ ತೆರೆದುಕೊಂಡಿದ್ದರೆ, ಈ ಪತ್ರಿಕೆಯನ್ನು ಇಲ್ಲಿಯೇ ಇಟ್ಟು ಗುದ್ದಲಿ ತೆಗೆದುಕೊಂಡು ಹೊರಡಿರಿ.