ಎಲೆಯ ಹಳದಿಯೂ ಅದರ ಕಾರಣಗಳೂ

ಮೈ ಬಿಸಿಯಾದರೆ ಜ್ವರ ಬಂದಿತೆನ್ನುತ್ತೇವೆ. ಆದರೆ ಜ್ವರವೇ ರೋಗವಲ್ಲ. ಒಳಗಿರುವ ರೋಗದ ಗುರುತು. ಮಲೇರಿಯಕ್ಕೂ ನೆಗಡಿಗೂ ಒಂದೇ ಮದ್ದು ಕೊಡುವ ವೈದ್ಯನನ್ನು ಯಾರೂ ಮೆಚ್ಚಲಾರರು. ಗಿಡದ ಎಲೆ ಹಳದಿಯಾಗುವುದೂ ಇಂಥದೇ ಒಂದು ಗುರುತು. ಆದರೂ ಎಲೆ ಹಳದಿಯಾಯಿತೆಂದೊಡನೆ ನಮ್ಮ ಕಡೆ ಹಲವರ ಬಾಯಲ್ಲಿ ಬರುವ ಮಾತು ಒಂದೇ: “ಯೂರಿಯಾ ಹಾಕು.” ಈ ಮಾತು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಗಿಡದ ಗೊಡವೆ ಏಕೆಂದು ವಾಚಕರು ಕೇಳಬಹುದು. ಬೇಸಾಯದ ಮನೆಯಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಲು ಹತ್ತಿದವನನ್ನು ಮನೆಯವರು ವಿಭಾಗ ಯಾವುದೆಂದು ಕೇಳುವುದಿಲ್ಲ. “ನೀನು ಓದಿದವನು, ಇದರ ಮೇಲೆ ಏನು ಬರೆದಿದೆ ನೋಡಪ್ಪಾ” ಎಂದು ಔಷಧದ ಡಬ್ಬಿಯನ್ನೇ ಕೈಗಿಡುತ್ತಾರೆ. ಆಗ ತಿಳಿದು ಹೇಳುವುದು ನಮ್ಮ ಹೊಣೆ.

ಎಲೆಯ ಹಸಿರಿಗೆ ಪತ್ರಹರಿತ್ತು ಎಂದು ಹೆಸರು. ಬಿಸಿಲಿನ ಬಲದಿಂದ ಗಿಡಕ್ಕೆ ಆಹಾರ ಸಿದ್ಧವಾಗುವುದು ಇದರಿಂದಲೇ. ಇದರ ರಚನೆಯಲ್ಲಿ ಸಾರಜನಕವುಂಟು, ನಟ್ಟನಡುವೆ ಮೆಗ್ನೀಷಿಯಂ ಉಂಟು. ಕಬ್ಬಿಣವು ಅದರೊಳಗೆ ಇಲ್ಲದಿದ್ದರೂ, ಕಬ್ಬಿಣವಿಲ್ಲದೆ ಅದು ತಯಾರಾಗದು. ಇವುಗಳಲ್ಲಿ ಯಾವುದು ಕಡಿಮೆಯಾದರೂ, ಇಲ್ಲವೆ ಬೇರು ನೊಂದರೂ, ಹಸಿರು ಕುಂದಿ ಅದರ ಮರೆಯಲ್ಲಿದ್ದ ಹಳದಿ ಬಣ್ಣ ಹೊರಗೆ ಕಾಣುತ್ತದೆ. ಹಾಗಾದರೆ ಕಾರಣವನ್ನು ಗುರುತಿಸುವುದು ಹೇಗೆ? ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ದಾರಿ ಬಹುಮಟ್ಟಿಗೆ ತಿಳಿಯಾಗುತ್ತದೆ.

ಮೊದಲನೆಯದು: ಹಳದಿಯಾದುದು ಹಳೆಯ ಎಲೆಯೋ, ಚಿಗುರೋ? ಸಾರಜನಕ, ಮೆಗ್ನೀಷಿಯಂಗಳು ಗಿಡದೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಬಲ್ಲವು. ಮನೆಯಲ್ಲಿ ಕಾಳು ಕಡಿಮೆಯಾದಾಗ ಹಿರಿಯರು ತಾವು ಉಪವಾಸವಿದ್ದು ಮಕ್ಕಳಿಗೆ ಉಣಿಸುವಂತೆ, ಗಿಡವೂ ಬುಡದ ಎಲೆಯ ಸಾರವನ್ನು ತೆಗೆದು ಚಿಗುರಿಗೆ ಕೊಡುತ್ತದೆ. ಆದುದರಿಂದ ಇವುಗಳ ಕೊರತೆ ಹಳೆಯ ಎಲೆಗಳಲ್ಲಿ ಮೊದಲು ಕಾಣುತ್ತದೆ. ಕಬ್ಬಿಣ, ಗಂಧಕಗಳು ಹೀಗೆ ಸುಲಭವಾಗಿ ಸಾಗಲಾರವು. ಅವುಗಳ ಕೊರತೆ ಚಿಗುರಿನಲ್ಲೇ ತೋರುತ್ತದೆ. ಬುಡದ ಒಂದೆರಡು ಮುದಿ ಎಲೆಗಳು ಹಣ್ಣಾಗಿ ಉದುರುವುದು ಮಾತ್ರ ಸಹಜ. ಅದಕ್ಕೆ ಮದ್ದು ಬೇಕಿಲ್ಲ.

ಎರಡನೆಯದು: ಎಲೆಯೆಲ್ಲ ಹಳದಿಯೋ, ನರಗಳ ನಡುವೆ ಮಾತ್ರವೋ? ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆಯೆನ್ನಬಹುದು. ಹಳೆಯ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಷಿಯಂ, ಚಿಗುರಿನಲ್ಲಿ ಹಸಿರು ನರಗಳು ಬಲೆಯಂತೆ ಎದ್ದು ಕಂಡರೆ ಕಬ್ಬಿಣ, ಚಿಗುರೆಲ್ಲ ಒಂದೇ ಸಮನೆ ಹಳದಿಯಾದರೆ ಗಂಧಕ.

ಮೂರನೆಯದು: ಬುಡದ ಮಣ್ಣು ಹೇಗಿದೆ? ದಾವಣಗೆರೆಯ ಸುತ್ತ ಎರೆ ಭೂಮಿ ಬಹಳ. ಎರೆ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಬೆರಳು ಇಳಿಸಿ ನೋಡಿದರೆ ಒಳಗೆ ಹಸಿಯಿರುವುದುಂಟು. ನೀರು ನಿಂತಲ್ಲಿ ಬೇರಿಗೆ ಗಾಳಿಯಿಲ್ಲ. ಗಾಳಿಯಿಲ್ಲದ ಬೇರು ಗೊಬ್ಬರವನ್ನು ಹೀರಲಾರದು. ಅಂಥ ಗಿಡಕ್ಕೆ ಬೇಕಾದುದು ಯೂರಿಯಾ ಅಲ್ಲ, ಬಸಿಗಾಲುವೆ. ಇನ್ನು ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಹಗೇವಿನಲ್ಲಿ ಜೋಳ ತುಂಬಿದ್ದು ಬಾಯಿ ತೆರೆಯಲು ಬಾರದವನ ಪಾಡು ಅದು. ಹಿತ್ತಲಿನ ನಿಂಬೆ, ದಾಸವಾಳಗಳಲ್ಲಿ ಈ ಗುರುತು ಕಂಡರೆ ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸುವುದುಂಟು.

ನಾಲ್ಕನೆಯದು: ಎಲೆಯ ಅಡಿಯಲ್ಲಿ ಏನಿದೆ? ಬೆಂಡೆಯ ಗಿಡದಲ್ಲಿ ನರಗಳೇ ಹಳದಿಯಾದರೆ ಅದು ಹಸಿವೆಯಲ್ಲ, ಬಿಳಿ ನೊಣ ಹರಡುವ ನಂಜುರೋಗ. ಇದಕ್ಕೆ ಯಾವ ಗೊಬ್ಬರವೂ ಮದ್ದಲ್ಲ. ರೋಗದ ಗಿಡವನ್ನು ಕಿತ್ತು ಸುಟ್ಟರೆ ಉಳಿದವಾದರೂ ಬದುಕಿಯಾವು.

ಹಸಿವೆಯನ್ನು ರೋಗವೆಂದೂ ರೋಗವನ್ನು ಹಸಿವೆಯೆಂದೂ ಎಣಿಸುವುದು ಬಲ್ಲವರಿಗೂ ತಪ್ಪಿದುದಲ್ಲ. ಉತ್ತರದ ತರಾಯಿ ಪ್ರದೇಶದಲ್ಲಿ ಭತ್ತದ ಎಲೆ ಹಳದಿಯಾಗಿ ತುಕ್ಕಿನ ಬಣ್ಣದ ಚುಕ್ಕೆ ಬೀಳುತ್ತಿತ್ತು. ಅದಕ್ಕೆ ‘ಖೈರಾ’ ರೋಗವೆಂದು ಹೆಸರು. ಪಂತನಗರದ ಸಸ್ಯರೋಗ ವಿಜ್ಞಾನಿ ವೈ. ಎಲ್. ನೇನೆಯವರು 1966ರಲ್ಲಿ ಅದು ಸತುವಿನ ಕೊರತೆಯೆಂದು ತೋರಿಸಿಕೊಟ್ಟರು. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಹರಿಹರ, ಮಲೇಬೆನ್ನೂರಿನ ಕಡೆಯ ರೈತರೂ ನೆನಪಿಡಬೇಕಾದ ಪಾಠವಿದು. ಇದಕ್ಕೆ ವಿರುದ್ಧವಾದ ಉದಾಹರಣೆಯೆಂದರೆ ಶೃಂಗೇರಿ, ಕೊಪ್ಪ, ಸುಳ್ಯಗಳ ಅಡಿಕೆ ತೋಟಗಳನ್ನು ಕಾಡುತ್ತಿರುವ ಹಳದಿ ಎಲೆ ರೋಗ. ಅದು ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯಿಂದ ಬರುವುದು. ಅದನ್ನು ಪೂರ್ತಿಯಾಗಿ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಹಾಗೆಂದು ಚನ್ನಗಿರಿಯ ಕಡೆ ಹಳದಿಯಾದ ಅಡಿಕೆ ಮರಕ್ಕೆಲ್ಲ ಅದೇ ರೋಗವೆಂದು ಹೆದರಬೇಕಾದುದಿಲ್ಲ. ತೋಟದಲ್ಲಿ ನೀರು ನಿಂತಿದೆಯೇ ಎಂದು ಮೊದಲು ನೋಡಬೇಕು.

ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವುಂಟು. ಸಾರಜನಕದ ಹಸಿವೆಗೆ ಅದು ಅನ್ನ. ಹಸಿವೆಯಿಲ್ಲದೆಡೆ ಸುರಿದರೆ ಎಲೆ ಮೆತ್ತಗೆ ಬೆಳೆದು ರಸ ಹೀರುವ ಕೀಟಗಳಿಗೆ ಔತಣವಾಗುತ್ತದೆ, ಹಣವೂ ಮಣ್ಣುಪಾಲು. ಸಾಲ ಮಾಡಿ ಗೊಬ್ಬರ ತರುವ ಮನೆಗೆ ಇದು ಸಣ್ಣ ಮಾತಲ್ಲ. ಆ ಹಣದಲ್ಲಿ ಒಂದು ಮಗುವಿನ ಶಾಲೆಯ ಖರ್ಚೂ ಸೇರಿರುತ್ತದೆ.

ಎಲೆಯ ಗುರುತಿನಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲ. ಎರಡು ಕೊರತೆಗಳು ಒಂದೇ ಗಿಡದಲ್ಲಿ ಸೇರಿ ಬರುವುದೂ ಉಂಟು. ಸಂದೇಹವಿದ್ದಲ್ಲಿ ಮಣ್ಣಿನ ಪರೀಕ್ಷೆ ಮಾಡಿಸುವುದು ಲೇಸು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಸಾರಜನಕ, ಗಂಧಕ, ಕಬ್ಬಿಣ, ಸತು ಮೊದಲಾದ 12 ಅಂಶಗಳನ್ನು ಪರೀಕ್ಷಿಸಿ ಬರೆದು ಕೊಡುತ್ತಾರೆ. ಆ ಚೀಟಿ ಹಲವು ಮನೆಗಳಲ್ಲಿ ಗೂಡಿನಲ್ಲೋ ಪೆಟ್ಟಿಗೆಯಲ್ಲೋ ಮಡಿಸಿದಂತೆಯೇ ಇರುವುದುಂಟು. ಹಳ್ಳಿಯಿಂದ ಬಂದ ಮಿತ್ರರು ಈ ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಹೊರತೆಗೆದು ಮನೆಯವರಿಗೆ ಓದಿ ಹೇಳಲಿ; ಆಮೇಲೆ ಅವರೊಡನೆ ಹೊಲಕ್ಕೆ ಹೋಗಿ ಬುಡದ ಎಲೆಯನ್ನೂ ಚಿಗುರನ್ನೂ ನೋಡಲಿ. ಗೊಬ್ಬರದ ಅಂಗಡಿಗೆ ಹೋಗುವುದು ಅದಾದ ಮೇಲಿನ ಮಾತು.